ಅಮೆರಿಕದ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಸಾಮಾನು ಸಾಗಿಸುವುದು ಹೇಗೆ? ಕೊಡಗಿನ ಮನೆಯವರಿಗೊಂದು ಮಾರ್ಗದರ್ಶಿ

ಗೋಣಿಕೊಪ್ಪದಲ್ಲಿ ಯಾವ ಮದುವೆಗೆ ಹೋದರೂ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. "ಮಗಳಿಗೆ ಡಲ್ಲಾಸ್‌ನಿಂದ ಸಿಯಾಟಲ್‌ಗೆ ಕೆಲಸ ಬದಲಾಯಿತು. ಸಾಮಾನೆಲ್ಲ ಹೇಗೆ ಸಾಗಿಸೋದು? ನೀವು ಅಲ್ಲೇ ಇದ್ದವರಲ್ವಾ?" ಹೌದು, ಹನ್ನೊಂದು ವರ್ಷ ಇದ್ದೆ, ನಾಲ್ಕು ಸಲ ರಾಜ್ಯ ಬದಲಾಯಿಸಿದೆ. ಆದರೆ ಊಟದ ಸಾಲಿನಲ್ಲಿ ಕೂತು ಹೇಳುವಾಗ ಮುಖ್ಯವಾದದ್ದೇ ಒಂದು ಬಿಟ್ಟುಹೋಗುತ್ತದೆ. ಹಾಗಾಗಿ ಕೂತು ಬರೆದಿದ್ದೇನೆ. ಅಲ್ಲಿರುವ ಮಕ್ಕಳಿಗೆ ಕಳುಹಿಸಿ. ಸಹಾಯಕ್ಕೆಂದು ಹೊರಟಿರುವ ಅಪ್ಪ ಅಮ್ಮಂದಿರೂ ಓದಿ.

ಮೊದಲು ದೂರದ ಅಂದಾಜು ಇರಲಿ. ಮಡಿಕೇರಿಯಿಂದ ಬೆಂಗಳೂರಿಗೆ ರಾತ್ರಿ ಲಾರಿ ತುಂಬಿಸಿದರೆ ಬೆಳಿಗ್ಗೆ ಇಳಿಸಿಕೊಳ್ಳಬಹುದು. ಡಲ್ಲಾಸ್‌ನಿಂದ ಸಿಯಾಟಲ್‌ಗೆ ರಸ್ತೆಯಲ್ಲಿ ಸುಮಾರು 3,400 ಕಿಲೋಮೀಟರ್. ಸಾಮಾನು ತಲುಪಲು ಒಂದು ವಾರವೂ ಆಗಬಹುದು, ಮೂರು ವಾರವೂ ಆಗಬಹುದು. ಖರ್ಚು ನಿಂತಿರುವುದು ದೂರ ಮತ್ತು ತೂಕದ ಮೇಲೆ. ದೂರ ನಮ್ಮ ಕೈಯಲ್ಲಿಲ್ಲ, ತೂಕ ಇದೆ.

ಹಂತ 1: ಹೊರಡುವ ಎರಡು ತಿಂಗಳ ಮೊದಲು ಕಾಗದಪತ್ರ

ಎಚ್-1ಬಿ ವೀಸಾದಲ್ಲಿರುವವರು ಸಾಮಾನಿನ ಯೋಚನೆಗೂ ಮೊದಲು ಕಂಪನಿಯ ವಕೀಲರಿಗೆ ಹೇಳಿ. ಅದೇ ಕಂಪನಿ, ಅದೇ ಕೆಲಸವಾದರೂ ಕೆಲಸದ ಜಾಗ ಬೇರೆ ನಗರ ವ್ಯಾಪ್ತಿಗೆ ಹೋದರೆ, ಅಲ್ಲಿ ಕೆಲಸ ಶುರು ಮಾಡುವ ಮೊದಲೇ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. 2015ರ ಒಂದು ತೀರ್ಮಾನದಿಂದ ಇದು ಸ್ಪಷ್ಟವಾಗಿದೆ. ವಿದ್ಯಾರ್ಥಿಗಳು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ತಿಳಿಸಬೇಕು.

ಕಂಪನಿ ಖರ್ಚು ಕೊಡುತ್ತದೆಯಾ ಕೇಳಿ. ಅದಕ್ಕೆ ರಿಲೊಕೇಷನ್ ಹಣ ಅನ್ನುತ್ತಾರೆ. ಆದರೆ 2018ರಿಂದ ಈ ಹಣವೂ ಸಂಬಳದ ಲೆಕ್ಕಕ್ಕೇ ಸೇರಿ ತೆರಿಗೆ ಬೀಳುತ್ತದೆ. ಐದು ಸಾವಿರ ಡಾಲರ್ ಎಂದರೆ ಕೈಗೆ ಅಷ್ಟೂ ಬರುವುದಿಲ್ಲ. "ಗ್ರಾಸ್ ಅಪ್ ಮಾಡುತ್ತೀರಾ?" ಎಂದು ಕೇಳಿ. ಅಂದರೆ ಆ ತೆರಿಗೆಯನ್ನೂ ಕಂಪನಿಯೇ ತುಂಬಿಕೊಡುವುದು. ಕೇಳಿದವರಿಗೆ ಮಾತ್ರ ಕೊಡುವ ಕಂಪನಿಗಳಿವೆ, ಸಂಕೋಚ ಬೇಡ.

ಈಗಿನ ಮನೆಯ ಕರಾರು ತೆಗೆದು ಓದಿ. 30 ಅಥವಾ 60 ದಿನ ಮೊದಲು ಬರಹದಲ್ಲಿ ನೋಟಿಸ್ ಕೊಡಬೇಕು ಎಂದಿರುತ್ತದೆ. ದಿನ ತಪ್ಪಿದರೆ ಬಾಡಿಗೆ ದಂಡ. ಆಯ್ಕೆ ಇದ್ದರೆ ತಿಂಗಳ ಕೊನೆ ಮತ್ತು ಮೇಯಿಂದ ಸೆಪ್ಟೆಂಬರ್‌ವರೆಗಿನ ಕಾಲ ತಪ್ಪಿಸಿ. ಆಗ ಎಲ್ಲರೂ ಮನೆ ಬದಲಾಯಿಸುತ್ತಾರೆ, ದರ ಜಾಸ್ತಿ.

ಹಂತ 2: ಏನು ಬಿಡಬೇಕು ಎಂದು ಮೊದಲು ತೀರ್ಮಾನಿಸಿ

ನಮ್ಮವರು ಎಡವುವುದು ಇಲ್ಲೇ. ಏನೂ ಬಿಸಾಡದ ಮನೆಗಳಲ್ಲಿ ಬೆಳೆದವರು ನಾವು. ಅಟ್ಟದ ಮೇಲಿರುವ ಹಳೆಯ ಟ್ರಂಕಿಗೂ ಒಂದು ದಿನ ಕೆಲಸ ಬರುತ್ತದೆ ಎಂದೇ ನಂಬಿಕೆ. ಆದರೆ ಅಲ್ಲಿ 150 ಡಾಲರ್‌ನ ಹಲಗೆ ಮಂಚವನ್ನು ದೇಶದ ಆಚೆ ತುದಿಗೆ ಸಾಗಿಸಲು ಅದಕ್ಕಿಂತ ಜಾಸ್ತಿ ಖರ್ಚಾಗಬಹುದು. ಪುಡಿಮರ ಅಂಟಿಸಿ ಮಾಡಿದ ಕಪಾಟುಗಳು ಒಮ್ಮೆ ಬಿಚ್ಚಿ ಜೋಡಿಸಿದ ಮೇಲೆ ಮೊಳೆ ಹಿಡಿಯುವುದಿಲ್ಲ. ಅವನ್ನು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರಿ. ಮಾರಾಟವಾಗದಿದ್ದರೆ ಗುಡ್‌ವಿಲ್ ಅಥವಾ ಸಾಲ್ವೇಶನ್ ಆರ್ಮಿ ಅಂಗಡಿಗೆ ದಾನ ಕೊಡಿ.

ಸಾಗಿಸಲೇಬೇಕಾದ್ದೂ ಇದೆ. ವೆಟ್ ಗ್ರೈಂಡರ್, ಕುಕ್ಕರ್, ನೂಪುಟ್ಟು ಒತ್ತುವ ಒರಳು, ಕಡುಬಿನ ಪಾತ್ರೆ. ಹೊಸ ಊರಿನಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ. ಒಳ್ಳೆಯ ಹಾಸಿಗೆಯನ್ನೂ ಇಟ್ಟುಕೊಳ್ಳಿ. ಊರಿನಿಂದ ತಂದ 230 ವೋಲ್ಟ್ ಮಿಕ್ಸಿ, ಅದಕ್ಕೊಂದು ಭಾರದ ಟ್ರಾನ್ಸ್‌ಫಾರ್ಮರ್ ಇದ್ದರೆ ಎರಡನ್ನೂ ಯಾರಿಗಾದರೂ ಕೊಟ್ಟುಬಿಡಿ. ಅಲ್ಲಿನ 110 ವೋಲ್ಟಿನ ಮಿಕ್ಸಿಯನ್ನು ಭಾರತೀಯ ಅಂಗಡಿಗಳೇ ಮಾರುತ್ತವೆ.

ಹಂತ 3: ಸಾಗಿಸುವ ದಾರಿ ಆರಿಸಿ

ಒಬ್ಬರೇ ಇರುವ ವಿದ್ಯಾರ್ಥಿಗೆ ಲಾರಿ ಬೇಡ. ವಿಮಾನದಲ್ಲಿ ಒಂದು ಸೂಟ್‌ಕೇಸಿಗೆ ಸಾಮಾನ್ಯವಾಗಿ 23 ಕೆಜಿ ಮಿತಿ, ಶುಲ್ಕ ಕೊಟ್ಟು ಎರಡು ಮೂರು ಒಯ್ಯಬಹುದು. ಪುಸ್ತಕಗಳನ್ನು ಅಮೆರಿಕದ ಅಂಚೆಯ ಮೀಡಿಯಾ ಮೇಲ್‌ನಲ್ಲಿ ಹಾಕಿ. ಪುಸ್ತಕ, ಸಿಡಿಯಂಥವಕ್ಕೆ ಮಾತ್ರ ಇರುವ ಕಡಿಮೆ ದರದ ಸೇವೆ ಅದು. ಒಂದು ಪೆಟ್ಟಿಗೆ 70 ಪೌಂಡ್, ಅಂದರೆ ಸುಮಾರು 32 ಕೆಜಿವರೆಗೆ ಇರಬಹುದು. ನಿಧಾನ, ಆದರೆ ಅಗ್ಗ. ಪುಸ್ತಕದ ನಡುವೆ ಸ್ವೆಟರ್ ತುರುಕಬೇಡಿ. ಅಂಚೆಯವರು ಪೆಟ್ಟಿಗೆ ತೆರೆದು ನೋಡಬಹುದು, ಸಿಕ್ಕಿಬಿದ್ದರೆ ಪೂರ್ತಿ ದರ ಕಟ್ಟಬೇಕು. ಆಮ್‌ಟ್ರ್ಯಾಕ್ ರೈಲಿನಲ್ಲಿ ಹೋಗುವುದಾದರೆ, ಲಗೇಜ್ ಸೇವೆ ಇರುವ ನಿಲ್ದಾಣಗಳಲ್ಲಿ 50 ಪೌಂಡಿನ ಎರಡು ಪೆಟ್ಟಿಗೆ ಉಚಿತ. ರೈಲೇ ಇಲ್ಲದ ಜಿಲ್ಲೆಯವರಾದ ನಮಗೆ ಇದು ಹೊಳೆಯುವುದಿಲ್ಲ, ಅದಕ್ಕೇ ಹೇಳಿದೆ.

ಒಂದು ಮಲಗುವ ಕೋಣೆಯ ಮನೆ, ಗಂಡ ಹೆಂಡತಿ, ಒಂದು ಮಗು. ಇವರಿಗೆ ನಾನು ಹೇಳುವುದು ಕಂಟೇನರ್. ಪಾಡ್ಸ್, ಯು-ಹಾಲ್‌ನ ಯು-ಬಾಕ್ಸ್, ಯು-ಪ್ಯಾಕ್ ಇಂಥ ಸೇವೆಗಳು. ಖಾಲಿ ಪೆಟ್ಟಿಗೆಯನ್ನು ಮನೆ ಮುಂದೆ ಇಟ್ಟು ಹೋಗುತ್ತಾರೆ, ತುಂಬಿಸಿ ಬೀಗ ಹಾಕುವುದು ನೀವು. ಅದನ್ನು ಹೊಸ ಊರಿಗೆ ಮುಟ್ಟಿಸುತ್ತಾರೆ. ಬೀಗದ ಕೈ ನಿಮ್ಮ ಹತ್ತಿರವೇ ಇರುತ್ತದೆ, ಬೇರೆಯವರ ಸಾಮಾನಿನ ಜೊತೆ ಕಲಬೆರಕೆ ಆಗುವುದಿಲ್ಲ. ಒಂದು ಯು-ಬಾಕ್ಸ್‌ಗೆ 2,000 ಪೌಂಡ್, ಸುಮಾರು 900 ಕೆಜಿ ಹಿಡಿಸುತ್ತದೆ. ಆದರೆ ಅಪಾರ್ಟ್‌ಮೆಂಟಿನವರು ಪೆಟ್ಟಿಗೆ ನಿಲ್ಲಿಸಲು ಬಿಡುತ್ತಾರಾ ಎಂದು ಮೊದಲೇ ಕೇಳಿ.

ಲಾರಿಯನ್ನು ತಾವೇ ಓಡಿಸುವ ಉಮೇದು ನಮ್ಮ ಹುಡುಗರಿಗೆ ಜಾಸ್ತಿ. ಸಂಪಾಜೆ ಘಾಟಿಯಲ್ಲಿ ಓಡಿಸಿದವನಿಗೆ ಇದೇನು ಅನ್ನುತ್ತಾರೆ. ರಸ್ತೆ ಚೆನ್ನಾಗಿದೆ, ನಿಜ. ಸಾಮಾನ್ಯ ಕಾರಿನ ಲೈಸೆನ್ಸ್‌ನಲ್ಲೇ 26 ಅಡಿಯ ಬಾಡಿಗೆ ಲಾರಿ ಓಡಿಸಬಹುದು, ಅದೂ ನಿಜ. ಅಪಾಯ ಇರುವುದು ಎತ್ತರದಲ್ಲಿ. ಬಾಸ್ಟನ್ನಿನ ಸ್ಟೋರೋ ಡ್ರೈವ್ ಎಂಬ ರಸ್ತೆಯಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ, ಮನೆ ಬದಲಾಯಿಸುವವರ ಲಾರಿಗಳು ತಗ್ಗಿನ ಸೇತುವೆಗೆ ಸಿಕ್ಕಿ ಮೇಲ್ಛಾವಣಿ ಕಿತ್ತುಕೊಳ್ಳುತ್ತವೆ. ನ್ಯೂಯಾರ್ಕಿನ ಪಾರ್ಕ್‌ವೇ ರಸ್ತೆಗಳಲ್ಲಿ ಲಾರಿಗೆ ಪ್ರವೇಶವೇ ಇಲ್ಲ. ಕಾರಿಗೆಂದು ಇರುವ ಸಾಮಾನ್ಯ ಮ್ಯಾಪ್ ಇದನ್ನು ಹೇಳುವುದಿಲ್ಲ. ಇನ್ನೊಂದು ವಿಷಯ, ನಿಮ್ಮ ಕಾರಿನ ವಿಮೆ, ಕ್ರೆಡಿಟ್ ಕಾರ್ಡಿನ ವಿಮೆ ಸಾಮಾನ್ಯವಾಗಿ ಬಾಡಿಗೆ ಲಾರಿಗೆ ಅನ್ವಯಿಸುವುದಿಲ್ಲ. ಬಾಡಿಗೆ ಕಂಪನಿ ಕೊಡುವ ವಿಮೆಯನ್ನೇ ತೆಗೆದುಕೊಳ್ಳಿ. ದೊಡ್ಡ ಲಾರಿ ಒಂದು ಗ್ಯಾಲನ್ನಿಗೆ ಹತ್ತು ಮೈಲಿ ಕೊಟ್ಟರೆ ಹೆಚ್ಚು. ಎರಡು ಸಾವಿರ ಮೈಲಿಗೆ ಪೆಟ್ರೋಲ್ ಎಷ್ಟಾಗುತ್ತದೆ, ಮೊದಲೇ ಲೆಕ್ಕ ಹಾಕಿ.

ದೊಡ್ಡ ಮನೆ, ವಯಸ್ಸಾದವರು, ಬೆನ್ನುನೋವು ಇದ್ದರೆ ಎಲ್ಲವನ್ನೂ ತಾವೇ ಹೊತ್ತು ತುಂಬಿಸಿ ಇಳಿಸಿಕೊಡುವ ಮೂವರ್ಸ್ ಕಂಪನಿ ಬೇಕು. ಅವರದ್ದೇ ಮುಂದಿನ ಹಂತ. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಹಣ ಕಳೆದುಕೊಂಡವರು ಬಹುತೇಕ ಇಲ್ಲೇ ಕಳೆದುಕೊಂಡಿದ್ದಾರೆ.

ಹಂತ 4: ಮೂವರ್ಸ್ ಕಂಪನಿಯನ್ನು ಪರೀಕ್ಷಿಸಿ

ರಾಜ್ಯದಿಂದ ರಾಜ್ಯಕ್ಕೆ ಸಾಮಾನು ಸಾಗಿಸುವ ಪ್ರತಿ ಕಂಪನಿಯೂ ಎಫ್‌ಎಂಸಿಎಸ್‌ಎ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ನೋಂದಾಯಿಸಿ, ಯುಎಸ್ ಡಾಟ್ (USDOT) ನಂಬರ್ ಪಡೆದಿರಬೇಕು. ಆ ನಂಬರ್ ಕೇಳಿ, ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ಹೆಸರು, ವಿಳಾಸ, ದೂರುಗಳ ಇತಿಹಾಸ ಎಲ್ಲ ಅಲ್ಲಿ ಸಿಗುತ್ತದೆ. ನಂಬರ್ ಕೊಡಲು ತಡವರಿಸಿದರೆ ಫೋನ್ ಇಟ್ಟುಬಿಡಿ.

ಅದೇ ಜಾಗದಲ್ಲಿ ಇನ್ನೊಂದು ನೋಡಿ: ಅವರು ಕ್ಯಾರಿಯರ್ ಹೌದೋ, ಬ್ರೋಕರ್ ಹೌದೋ. ಕ್ಯಾರಿಯರ್ ಎಂದರೆ ಸಾಮಾನು ಸಾಗಿಸುವವನು. ಬ್ರೋಕರ್ ಎಂದರೆ ದಲ್ಲಾಳಿ, ಅವನಿಗೆ ಲಾರಿ ಇರುವುದಿಲ್ಲ. ನಿಮ್ಮ ಸಾಮಾನಿನ ಕೆಲಸವನ್ನು ಬೇರೆ ಯಾರಿಗೋ ವಹಿಸುತ್ತಾನೆ. ಕಾಫಿ ಮಾರುವ ಮನೆಯವರಿಗೆ ದಲ್ಲಾಳಿ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಎಲ್ಲ ದಲ್ಲಾಳಿಗಳೂ ಮೋಸಗಾರರಲ್ಲ. ಆದರೆ ಲಾರಿ ಬರುವ ದಿನ ಯಾವ ಕಂಪನಿ ಬರುತ್ತದೆ ಎಂದು ಗೊತ್ತಿಲ್ಲದಿದ್ದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕನಿಷ್ಠ ಮೂರು ಕಂಪನಿಯಿಂದ ಅಂದಾಜು ಪಟ್ಟಿ ತರಿಸಿ. ಮನೆಗೆ ಬಂದು, ಇಲ್ಲವೇ ವೀಡಿಯೋ ಕರೆಯಲ್ಲಿ ಒಂದೊಂದು ಕೋಣೆ ನೋಡಿ ಕೊಟ್ಟ ಅಂದಾಜು ಮಾತ್ರ ಲೆಕ್ಕಕ್ಕೆ ಬರುತ್ತದೆ. "ಎರಡು ಬೆಡ್‌ರೂಮ್ ಅಲ್ವಾ, 1,800 ಡಾಲರ್ ಸಾಕು" ಎಂದು ಫೋನಿನಲ್ಲೇ ಹೇಳುವವರನ್ನು ನಂಬಬೇಡಿ. ಉಳಿದ ಎರಡಕ್ಕಿಂತ ಒಂದು ತೀರಾ ಕಡಿಮೆ ಇದ್ದರೆ, ಸಂಶಯಪಡಬೇಕಾದ್ದು ಅದನ್ನೇ.

ಅಂದಾಜಿನಲ್ಲಿ ಎರಡು ಬಗೆ. ಬೈಂಡಿಂಗ್ ಎಂದರೆ ಬರೆದಷ್ಟೇ ಕೊಡುವುದು, ತೂಕ ಜಾಸ್ತಿ ಬಂದರೂ ಅಷ್ಟೇ. ನಾನ್-ಬೈಂಡಿಂಗ್ ಎಂದರೆ ನಿಜವಾದ ತೂಕ ನೋಡಿ ಬಿಲ್ ಮಾಡುವುದು. ಆದರೂ ಸಾಮಾನು ಇಳಿಸುವಾಗ ಅಂದಾಜಿನ ಶೇ. 110ಕ್ಕಿಂತ ಹೆಚ್ಚು ಕೇಳುವಂತಿಲ್ಲ. 3,000 ಡಾಲರ್ ಅಂದಾಜಿದ್ದರೆ 3,300 ಕೊಟ್ಟ ಕೂಡಲೇ ಸಾಮಾನು ಇಳಿಸಬೇಕು. ಬಾಕಿ ಇದ್ದರೆ 30 ದಿನದ ನಂತರ ಕೇಳಬೇಕು. ನೀವು ಮಧ್ಯದಲ್ಲಿ ಸಾಮಾನು ಸೇರಿಸಿದ್ದರೆ ಲೆಕ್ಕ ಬೇರೆ. ಸಾಧ್ಯವಾದರೆ ಬೈಂಡಿಂಗ್ ಅನ್ನೇ ಕೇಳಿ, ಬರಹದಲ್ಲೇ ಪಡೆಯಿರಿ.

ಮುಂಗಡ ಹಣ ಜಾಸ್ತಿ ಕೇಳಿದರೆ, ನಗದು ಅಥವಾ ಜೆಲ್ (ಬ್ಯಾಂಕ್ ಖಾತೆಯಿಂದ ನೇರವಾಗಿ ಹಣ ಕಳುಹಿಸುವ ಸೇವೆ) ಮೂಲಕ ಮಾತ್ರ ಎಂದರೆ ಬೇಡ ಅನ್ನಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ತಕರಾರು ಎತ್ತಲು ಒಂದು ದಾರಿ ಇರುತ್ತದೆ. ಖಾಲಿ ಜಾಗ ಬಿಟ್ಟ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಡ್ರೈವರ್ ಎಷ್ಟೇ ಅವಸರ ಮಾಡಲಿ.

ಅತ್ಯಂತ ಕೆಟ್ಟ ಪ್ರಸಂಗ ಎಂದರೆ ಸಾಮಾನು ಒತ್ತೆ ಇಟ್ಟುಕೊಳ್ಳುವುದು. ಲಾರಿ ತುಂಬಿದ ಮೇಲೆ ಬೆಲೆ ಎರಡರಷ್ಟಾಗುತ್ತದೆ, ಕೊಡದಿದ್ದರೆ ಇಳಿಸುವುದಿಲ್ಲ. ಹಾಗಾದರೆ ಎಫ್‌ಎಂಸಿಎಸ್‌ಎಗೆ 1-888-368-7238ಕ್ಕೆ ಫೋನ್ ಮಾಡಿ ದೂರು ಕೊಡಿ. ಅಲ್ಲಿರುವ ಮಕ್ಕಳು ಈ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಲಿ.

ಅಂದಾಜಿನಲ್ಲಿ ಕಾಣದ ಸಣ್ಣ ಖರ್ಚುಗಳನ್ನು ಬಾಯಿಬಿಟ್ಟು ಕೇಳಿ. ಮಹಡಿ ಮೆಟ್ಟಿಲಿಗೆ ಎಷ್ಟು, ಲಾರಿಯಿಂದ ಬಾಗಿಲಿಗೆ ದೂರ ಜಾಸ್ತಿಯಾದರೆ ಎಷ್ಟು. ದೊಡ್ಡ ಲಾರಿ ಬೀದಿಗೆ ಬರಲಾಗದೆ ಚಿಕ್ಕ ಗಾಡಿ ತಂದರೆ ಎಷ್ಟು. ಕೊನೆಯದಕ್ಕೆ ಶಟಲ್ ಶುಲ್ಕ ಅನ್ನುತ್ತಾರೆ, ನೂರಾರು ಡಾಲರ್ ಆಗಬಹುದು.

ಹಂತ 5: ಒಡೆದರೆ ಎಷ್ಟು ಕೊಡುತ್ತಾರೆ?

ಒಪ್ಪಂದದಲ್ಲಿ ಎರಡು ಆಯ್ಕೆ ಇರುತ್ತವೆ, ಒಂದಕ್ಕೆ ಸಹಿ ಹಾಕಬೇಕು. ಫುಲ್ ವ್ಯಾಲ್ಯೂ ಎಂದರೆ ಒಡೆದದ್ದನ್ನು ರಿಪೇರಿ ಮಾಡಿಕೊಡುವುದು, ಇಲ್ಲವೇ ಬದಲಿ ಅಥವಾ ಅದರ ಬೆಲೆ ಕೊಡುವುದು. ಅದಕ್ಕೆ ಬೇರೆ ಶುಲ್ಕ ಇದೆ. ರಿಲೀಸ್ಡ್ ವ್ಯಾಲ್ಯೂ ಎಂದರೆ ಉಚಿತ. ಆದರೆ ಅದರಲ್ಲಿ ಬೆಲೆಗೆ ಲೆಕ್ಕವಿಲ್ಲ, ತೂಕಕ್ಕೆ ಮಾತ್ರ: ಒಂದು ಪೌಂಡಿಗೆ 60 ಸೆಂಟ್.

ನನ್ನ ಮೊದಲ ಸಲ ಉಚಿತ ಎಂದು ನೋಡಿ ಸಹಿ ಹಾಕಿದೆ. ಅಜ್ಜಿ ಕೊಟ್ಟಿದ್ದ ಹಿತ್ತಾಳೆಯ ತೂಗುದೀಪ ಎಣ್ಣೆಬಟ್ಟಲಿನ ಅಂಚಿನಲ್ಲಿ ಚಪ್ಪಟೆಯಾಗಿ ಬಂತು, ಸರಪಳಿಯ ಒಂದು ಕೊಂಡಿ ಕಳಚಿತ್ತು. ದೀಪದ ತೂಕ ಆರು ಪೌಂಡ್. ಚೆಕ್ ಬಂದದ್ದು ಮೂರು ಡಾಲರ್ 60 ಸೆಂಟ್‌ಗೆ. ಆ ದೀಪ ಈಗಲೂ ನಮ್ಮ ನೆಲ್ಲಕ್ಕಿ ಬಾಡೆಯಲ್ಲಿ ಇದೆ, ಒಂದು ಕಡೆ ಎಣ್ಣೆ ನಿಲ್ಲುವುದಿಲ್ಲ.

ಹಾಗಾಗಿ ಹೇಳುತ್ತೇನೆ, ಹಿರಿಯರ ಕಾಲದ ಸಾಮಾನು ಲಾರಿಗೆ ಹಾಕಲೇಬೇಡಿ. ಚಿನ್ನ, ಸರ್ಟಿಫಿಕೇಟ್, ಪಾಸ್‌ಪೋರ್ಟ್, ಪತ್ತಾಕ್, ಲ್ಯಾಪ್‌ಟಾಪ್ ನಿಮ್ಮ ಕೈಚೀಲದಲ್ಲೇ ಇರಲಿ. ಪೀಚೆಕತ್ತಿ ಮಾತ್ರ ಕೈಚೀಲದಲ್ಲಿ ಬೇಡ. ಒರೆಗೆ ಹಾಕಿ, ಬಟ್ಟೆ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನೊಳಗೆ ಇಡಿ. ವಿಮಾನದ ಒಳಗೆ ಒಯ್ಯಲು ಹೋದರೆ ತಪಾಸಣೆಯಲ್ಲಿ ಕಳೆದುಕೊಳ್ಳುತ್ತೀರಿ. ಒಂದು ಪೌಂಡಿಗೆ 100 ಡಾಲರ್‌ಗಿಂತ ಹೆಚ್ಚು ಬೆಲೆಯ ಬೆಳ್ಳಿ ಸಾಮಾನೋ ಕ್ಯಾಮೆರಾವೋ ಲಾರಿಯಲ್ಲಿ ಹೋಗಲೇಬೇಕಾದರೆ, ಅದನ್ನು ಪ್ರತ್ಯೇಕವಾಗಿ ಬರೆದು ಕೊಡಿ. ಬರೆಯದಿದ್ದರೆ ಫುಲ್ ವ್ಯಾಲ್ಯೂ ಇದ್ದರೂ ಪೂರ್ತಿ ಬೆಲೆ ಸಿಗುವುದಿಲ್ಲ.

ಹಂತ 6: ಪೆಟ್ಟಿಗೆ ಕಟ್ಟುವುದು

ಭಾರದ್ದು ಚಿಕ್ಕ ಪೆಟ್ಟಿಗೆಗೆ, ಹಗುರದ್ದು ದೊಡ್ಡದಕ್ಕೆ. ಪುಸ್ತಕವನ್ನು ದೊಡ್ಡ ಪೆಟ್ಟಿಗೆಗೆ ತುಂಬಿದರೆ ತಳ ಕಿತ್ತು ಬೀಳುತ್ತದೆ. ಒಂದು ಪೆಟ್ಟಿಗೆ 20 ಕೆಜಿ ದಾಟದಿರಲಿ. ತಳಕ್ಕೆ ಎರಡು ಸಾಲು ಟೇಪ್. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಮುಚ್ಚುವ ಮೊದಲು ಪೆಟ್ಟಿಗೆ ಅಲ್ಲಾಡಿಸಿ. ಒಳಗೆ ಸದ್ದು ಬಂದರೆ ಖಾಲಿ ಜಾಗಕ್ಕೆ ಟವೆಲ್ ತುಂಬಿ.

ತೇವ ಏನು ಮಾಡುತ್ತದೆ ಎಂದು ಆಟಿ ತಿಂಗಳ ಮಳೆ ನೋಡಿದವರಿಗೆ ಗೊತ್ತು. ಬಟ್ಟೆ, ಹಾಸಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಆದರೆ ಒಂಚೂರು ತೇವ ಇದ್ದರೂ ಕಟ್ಟಬೇಡಿ, ಮೂರು ವಾರ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ.

ಪ್ರತಿ ಪೆಟ್ಟಿಗೆಗೂ ನಂಬರ್ ಹಾಕಿ. ಯಾವ ಕೋಣೆಗೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಿರಿ, ಹೊರುವವರಿಗೆ ಗೊತ್ತಾಗಬೇಕು. ಒಳಗೆ ಏನಿದೆ ಎಂಬುದನ್ನು ಕನ್ನಡದಲ್ಲಿ ಬರೆಯಿರಿ, ನಿಮಗೆ ಮಾತ್ರ ಗೊತ್ತಾದರೆ ಸಾಕು. ನಾಲ್ಕು ಸಲವೂ ನಾನು ಹೀಗೇ ಮಾಡಿದ್ದು.

ಒಂದು ಮೋಸದ ಅಕ್ಷರ ಇದೆ, ಪಿಬಿಒ. ಮಾಲೀಕರೇ ಕಟ್ಟಿದ ಪೆಟ್ಟಿಗೆ ಎಂದು ಅರ್ಥ. ಪಟ್ಟಿಯಲ್ಲಿ ಹೀಗೆ ಬರೆದಿದ್ದು, ಹೊರಗಿನಿಂದ ಪೆಟ್ಟಿಗೆ ಸರಿಯಾಗಿದ್ದರೆ, ಒಳಗಿನದು ಒಡೆದದ್ದಕ್ಕೆ ಪರಿಹಾರ ಸಿಗುವುದು ಬಹಳ ಕಷ್ಟ. ಗಾಜು, ಟಿವಿ ಇಂಥವನ್ನು ದುಡ್ಡು ಕೊಟ್ಟಾದರೂ ಅವರಿಂದಲೇ ಕಟ್ಟಿಸಿ.

ಹಂತ 7: ಲಾರಿಗೆ ಹಾಕಬಾರದ್ದು

ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಪೇಂಟ್, ಬ್ಲೀಚ್, ಬೆಂಕಿಪೆಟ್ಟಿಗೆ, ಪಟಾಕಿ ಯಾರೂ ಒಯ್ಯುವುದಿಲ್ಲ. ಊರಿನಿಂದ ತಂದ ಮನೆ ವೈನ್ ಬಾಟಲಿಯನ್ನು ಅಂಚೆಯಲ್ಲಿ ಕಳುಹಿಸುವುದು ಕಾನೂನಿಗೆ ವಿರುದ್ಧ. ಕಾಚಂಪುಳಿ ಬಾಟಲಿಗೆ ತೊಂದರೆಯಿಲ್ಲ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಜಿಪ್ ಚೀಲದೊಳಗೆ ಹಾಕಿ, ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಇಡಿ. ಸೋರಿದರೆ ಆ ಕಪ್ಪು ಕಲೆ ಯಾವ ಸೋಪಿಗೂ ಹೋಗುವುದಿಲ್ಲ.

ಇನ್ನು ಕರಿಬೇವಿನ ಗಿಡ. ಬಾಲ್ಕನಿಯ ಕುಂಡದಲ್ಲಿ ಮೂರು ವರ್ಷ ಮಗುವಿನ ಹಾಗೆ ಸಾಕಿರುತ್ತಾರೆ, ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಆದರೂ ಟೆಕ್ಸಾಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾದಂಥ ಕಡೆಯಿಂದ ಅದನ್ನು ಹೊರರಾಜ್ಯಕ್ಕೆ ಒಯ್ಯಬೇಡಿ. ಕಿತ್ತಳೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಎಂಬ ಸಣ್ಣ ಕೀಟ ಕರಿಬೇವಿನಲ್ಲೂ ಬದುಕುತ್ತದೆ. ಅದಕ್ಕೇ ಅಲ್ಲಿ ಕರಿಬೇವಿಗೂ ಸಾಗಣೆ ನಿರ್ಬಂಧ ಇದೆ. ಕ್ಯಾಲಿಫೋರ್ನಿಯಾದ ಗಡಿ ಠಾಣೆಗಳಲ್ಲಿ ಕಾರು ನಿಲ್ಲಿಸಿ ಹಣ್ಣು, ಗಿಡ ಇದೆಯಾ ಎಂದು ಕೇಳುತ್ತಾರೆ, ಇದ್ದರೆ ತೆಗೆದುಕೊಳ್ಳುತ್ತಾರೆ. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಹಾಳಾದದ್ದಕ್ಕೆ ಇದೇ ರೋಗವೂ ಒಂದು ಕಾರಣ. ಆ ಮರಗಳು ಹಳದಿಯಾಗಿ ಒಣಗಿದ್ದನ್ನು ಕಂಡ ನಾವು ಇನ್ನೊಬ್ಬರ ತೋಟಕ್ಕೆ ಅದನ್ನು ಹೊತ್ತು ಹೋಗಬಾರದು. ಗಿಡವನ್ನು ಅದೇ ಊರಿನ ಸ್ನೇಹಿತರಿಗೆ ಕೊಡಿ.

ಹಂತ 8: ತುಂಬಿಸುವ ದಿನ

ಹೊಸ ಮತ್ತು ಹಳೆಯ ಕಟ್ಟಡ ಎರಡರಲ್ಲೂ ಲಿಫ್ಟ್ ಮೊದಲೇ ಕಾದಿರಿಸಿ. ಕೆಲವು ಕಟ್ಟಡಗಳು ಸಿಒಐ ಕೇಳುತ್ತವೆ. ಗೋಡೆಗೆ, ಲಿಫ್ಟಿಗೆ ಹಾನಿಯಾದರೆ ಮೂವರ್ಸ್ ಕಂಪನಿಗೆ ವಿಮೆ ಇದೆ ಎಂದು ತೋರಿಸುವ ಪತ್ರ ಅದು. ಕಂಪನಿಯೇ ಕೊಡುತ್ತದೆ, ಒಂದು ವಾರ ಮೊದಲು ಕೇಳಿ.

ಡ್ರೈವರ್ ಪ್ರತಿ ಸಾಮಾನಿಗೂ ಸ್ಟಿಕ್ಕರ್ ಅಂಟಿಸಿ, ಪಟ್ಟಿಯಲ್ಲಿ ಅದರ ಸ್ಥಿತಿ ಬರೆಯುತ್ತಾನೆ. ಅವನ ಪಕ್ಕದಲ್ಲೇ ನಿಲ್ಲಿ. ಹೊಸ ಮೇಜಿಗೆ "ಗೀರು ಇದೆ" ಎಂದು ಬರೆದರೆ ಅಲ್ಲೇ ತಿದ್ದಿಸಿ, ಫೋಟೋ ತೆಗೆಯಿರಿ. ಬಿಲ್ ಆಫ್ ಲೇಡಿಂಗ್ ಎಂಬ ಕಾಗದದ ಪ್ರತಿ ಕೈಗೆ ಬರದೆ ಲಾರಿ ಹೊರಡಲು ಬಿಡಬೇಡಿ. ಅದೇ ನಿಮ್ಮ ಒಪ್ಪಂದ, ಅದೇ ರಸೀದಿ. ಖಾಲಿ ಮನೆಯ ಪ್ರತಿ ಕೋಣೆಯ ವೀಡಿಯೋ ಮಾಡಿಕೊಳ್ಳಿ, ಅಡ್ವಾನ್ಸ್ ವಾಪಸ್ ಕೇಳುವಾಗ ಬೇಕಾಗುತ್ತದೆ.

ಕಾರಿನಲ್ಲೋ ಸೂಟ್‌ಕೇಸಿನಲ್ಲೋ ಒಂದು ವಾರಕ್ಕೆ ಬೇಕಾದ್ದು ನಿಮ್ಮ ಜೊತೆಗಿರಲಿ. ಚಿಕ್ಕ ಕುಕ್ಕರ್, ಎರಡು ತಟ್ಟೆ, ಅಕ್ಕಿ, ಕಾಫಿಪುಡಿ, ಹೊದಿಕೆ, ಔಷಧಿ, ಮಗುವಿನ ಶಾಲೆಯ ಮತ್ತು ಲಸಿಕೆಯ ದಾಖಲೆ.

ಹಂತ 9: ಸಾಮಾನು ಇಳಿಸಿಕೊಳ್ಳುವಾಗ

ಅವರು ಒಂದು ದಿನ ಹೇಳುವುದಿಲ್ಲ, ದಿನಗಳ ಅಂತರ ಹೇಳುತ್ತಾರೆ. 5ರಿಂದ 14ರೊಳಗೆ, ಹೀಗೆ. ಆ ಅವಧಿಯಲ್ಲಿ ಫೋನ್ ಎತ್ತದಿದ್ದರೆ ಸಾಮಾನು ಗೋದಾಮಿಗೆ ಹೋಗಿ ಬಾಡಿಗೆ ಬೀಳಬಹುದು. ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಒಂದೊಂದೇ ನಂಬರ್ ಗುರುತು ಹಾಕಿ. ಜಜ್ಜಿದ ಪೆಟ್ಟಿಗೆಯನ್ನು ಡ್ರೈವರ್ ಎದುರಿಗೇ ತೆರೆಯಿರಿ. ಬಾರದ್ದನ್ನು, ಒಡೆದದ್ದನ್ನು ಸಹಿ ಹಾಕುವ ಮೊದಲು ಅದೇ ಕಾಗದದ ಮೇಲೆ ಬರೆಯಿರಿ. ಪರಿಹಾರ ಕೇಳಲು ಒಂಬತ್ತು ತಿಂಗಳ ಕಾಲಾವಕಾಶ ಇದೆ. ಕಂಪನಿ 30 ದಿನದೊಳಗೆ ಅರ್ಜಿ ತಲುಪಿತೆಂದು ತಿಳಿಸಬೇಕು, 120 ದಿನದೊಳಗೆ ಉತ್ತರ ಹೇಳಬೇಕು. ಅಟ್ಟದಲ್ಲಿಟ್ಟ ಪೆಟ್ಟಿಗೆಗಳನ್ನೂ ಅಷ್ಟರೊಳಗೆ ತೆರೆದು ನೋಡಿ.

ಹಂತ 10: ವಿಳಾಸ

ಅಂಚೆಯ ಜಾಲತಾಣದಲ್ಲಿ ಸಣ್ಣ ಶುಲ್ಕ ಕೊಟ್ಟು ವಿಳಾಸ ಬದಲಾಯಿಸಿದರೆ ಪತ್ರಗಳು ಒಂದು ವರ್ಷ ಹೊಸ ಮನೆಗೆ ಬರುತ್ತವೆ. ಅಂಚೆ ಕಚೇರಿಗೇ ಹೋದರೆ ಉಚಿತ. ಆದರೆ ಅಂಚೆಗೆ ಹೇಳಿದರೆ ವಲಸೆ ಇಲಾಖೆಗೆ ಹೇಳಿದಂತಲ್ಲ. ಅಮೆರಿಕದ ಪೌರರಲ್ಲದವರು ಮನೆ ಬದಲಾಯಿಸಿದ 10 ದಿನದೊಳಗೆ ಎಆರ್-11 ಎಂಬ ಫಾರಂ ತುಂಬಬೇಕು. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ, ಶುಲ್ಕವಿಲ್ಲ. ಗ್ರೀನ್ ಕಾರ್ಡಿಗೆ ಅಥವಾ ಕೆಲಸದ ಪರವಾನಗಿಗೆ ಅರ್ಜಿ ಹಾಕಿದ್ದರೆ ಇದನ್ನು ಹೋದ ದಿನವೇ ಮಾಡಿ. ಇಲ್ಲದಿದ್ದರೆ ವರ್ಷಗಟ್ಟಲೆ ಕಾದ ಕಾರ್ಡು ಹಳೆಯ ಮನೆಯ ಬಾಗಿಲಿಗೆ ಹೋಗಿ ವಾಪಸಾಗುತ್ತದೆ.

ಲೈಸೆನ್ಸ್ ಬದಲಾಯಿಸುವ ಗಡುವು ರಾಜ್ಯಕ್ಕೊಂದು ತರ. ಕ್ಯಾಲಿಫೋರ್ನಿಯಾದಲ್ಲಿ 10 ದಿನ, ವಾಷಿಂಗ್ಟನ್ ರಾಜ್ಯದಲ್ಲಿ 30, ಟೆಕ್ಸಾಸ್‌ನಲ್ಲಿ 90. ಹೊಸ ಮನೆಯ ಕರಾರು, ಒಂದು ಕರೆಂಟ್ ಬಿಲ್, ಪಾಸ್‌ಪೋರ್ಟ್, ವೀಸಾ ಕಾಗದ ಹಿಡಿದುಕೊಂಡು ಹೋಗಿ. ಕರೆಂಟ್ ಬಿಲ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ ಹೆಂಡತಿಯ ಲೈಸೆನ್ಸಿಗೆ ಬೇರೆ ದಾಖಲೆ ಕೇಳುತ್ತಾರೆ. ಆದ್ದರಿಂದ ಮನೆಯ ಕರಾರಿನಲ್ಲೇ ಇಬ್ಬರ ಹೆಸರನ್ನೂ ಹಾಕಿಸಿ.